ತುಂಬಿದ ಚೀಲ

ನಮ್ಮ ಬಡಾವಣೆಯ ಕಲಾಕೇಂದ್ರದ ಬಾಗಿಲು ತೆಗೆಯುವವಳೂ ನಾನೇ, ಮುಚ್ಚುವವಳೂ ನಾನೇ. ಅದು ಮೊದಲು ಅಂಚೆ ಕಚೇರಿಯಾಗಿತ್ತು. ಈಗಲೂ ಒಬ್ಬಿಬ್ಬರು ಸ್ಟಾಂಪ್ ಕೇಳಿಕೊಂಡು ಬರುತ್ತಾರೆ. ಸ್ಟಾಂಪ್ ಇಲ್ಲ, ಹಾಡು ಕಲಿಯುತ್ತೀರಾ ಎಂದು ಕೇಳಿ ಕಳಿಸುತ್ತೇನೆ. ನೋಟಿಸ್ ಬೋರ್ಡಿಗೆ ಚೀಟಿ ಚುಚ್ಚುವುದು, ಬಣ್ಣ ಮೆತ್ತಿದ ಮೇಜು ಉಜ್ಜುವುದು, ನಾಟಕದವರೂ ಹಾಡಿನವರೂ ಒಂದೇ ಕೋಣೆಗೆ ಕಿತ್ತಾಡಿದರೆ ಇಬ್ಬರನ್ನೂ ಬೈದು ಸುಮ್ಮನಿರಿಸುವುದು, ಎಲ್ಲ ನನ್ನ ಪಾಲಿಗೆ. ನನ್ನ ಬಾಯಿ ಜೋರು ಎಂದೇ ಈ ಕೆಲಸ ಕೊಟ್ಟಿದ್ದಾರೆ ಎಂದು ನನ್ನ ಗಂಡ ಹೇಳುತ್ತಿರುತ್ತಾರೆ. ಇರಲಿ. ಕೆಲಸವಂತೂ ನಡೆಯುತ್ತಿದೆ.

ನನಗೆ ನಿಜವಾದ ಹೆಮ್ಮೆ ಇರುವುದು ಭಟ್ಟಿಯ ವಿಷಯದಲ್ಲಿ. ಹಿಂದಿನ ಕೋಣೆಯಲ್ಲಿ ಮಣ್ಣಿನ ಸಾಮಾನು ಸುಡುವ ಕರೆಂಟಿನ ಭಟ್ಟಿ ಇದೆ. ಮಣ್ಣಿನ ಕ್ಲಾಸಿಗೆ ಬರುವ ಎಲ್ಲರ ಬಟ್ಟಲು, ಬೊಂಬೆ, ಹೂದಾನಿಗಳು ಅದರಲ್ಲಿ ಒಟ್ಟಿಗೇ ಬೇಯುತ್ತವೆ. ಯಾವುದನ್ನು ಯಾವ ಅಂತಸ್ತಿನಲ್ಲಿ ಇಡಬೇಕು, ಯಾವುದು ಒಳಗೆ ಹೋಗಲೇಬಾರದು ಎಂದು ನಿರ್ಧರಿಸುವುದು ನಾನು. ಮಣ್ಣಿನ ಟೀಚರ್ ಕೂಡ ಅಲ್ಲಿ ಮೂಗು ತೂರಿಸುವುದಿಲ್ಲ.

ಇದಕ್ಕೆ ಕಾರಣ ಒಂದು ಆನೆ. ಮಣ್ಣು ಮೇಲೆ ಒಣಗಿದಂತೆ ಕಂಡರೂ ದಪ್ಪಗಿದ್ದರೆ ಹೊಟ್ಟೆಯೊಳಗೆ ತೇವ ಉಳಿದುಕೊಳ್ಳುತ್ತದೆ. ಭಟ್ಟಿಯ ಬಿಸಿಗೆ ಅದು ಆವಿಯಾಗಿ, ಹೊರಗೆ ಬರಲು ದಾರಿ ಸಿಗದೆ, ಇಡೀ ವಸ್ತುವನ್ನೇ ಸಿಡಿಸಿಬಿಡುತ್ತದೆ. ಅದಕ್ಕೇ ದಪ್ಪ ವಸ್ತುವನ್ನೆಲ್ಲ ಅರ್ಧ ಒಣಗಿದಾಗ ತಳದಿಂದ ತೋಡಿ ಟೊಳ್ಳು ಮಾಡಬೇಕು. ಕಳೆದ ವರ್ಷ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಆನೆ ಮಾಡಿಕೊಂಡು ಬಂದು, ತೋಡಿದ್ದೇನೆ ಎಂದು ಆಣೆ ಮಾಡಿದರು. ತೋಡಿದ್ದು ಬರೀ ಕಾಲುಗಳನ್ನು. ಹೊಟ್ಟೆ ಗಟ್ಟಿಯಾಗಿಯೇ ಇತ್ತು. ಭಟ್ಟಿ ತೆಗೆದು ನೋಡಿದರೆ ಆನೆಯ ಜೊತೆಗೆ ಅಕ್ಕಪಕ್ಕದಲ್ಲಿದ್ದ ಬೇರೆಯವರ ಸಾಮಾನೆಲ್ಲ ಚೂರುಚೂರು. ಅವರಿಗೆ ಅಂದಿನಿಂದ ಆನೆ ಸಾಹೇಬರು ಎಂದೇ ಹೆಸರು. ಆದರೆ ಬೈಗುಳ ಬಿದ್ದದ್ದು ಯಾರಿಗೆ? ನನಗೆ. “ನೋಡಿ ಇಡಬಾರ್ದಿತ್ತಾ?” ಅಂತ. ಆಮೇಲೆ ನಾನು ಪ್ರತಿಯೊಂದನ್ನೂ ಕೆನ್ನೆಗೆ ಒತ್ತಿ ನೋಡದೆ ಒಳಗೆ ಇಡುವುದಿಲ್ಲ. ಕೆನ್ನೆಗೆ ತಣ್ಣಗೆ ತಾಗಿದರೆ ಇನ್ನೂ ತೇವ ಇದೆ ಎಂದರ್ಥ. ತಳ ತಿರುಗಿಸಿಯೂ ನೋಡುತ್ತೇನೆ. ಯಾರ ಆಣೆಯನ್ನೂ ನಂಬುವುದಿಲ್ಲ.

ನನ್ನ ಅತ್ತೆ ಸಹಕಾರಿ ಅಂಗಡಿಯಲ್ಲಿ ಜೀವಮಾನವಿಡೀ ಅಕ್ಕಿ, ಗೋಧಿ, ಬೇಳೆ ತೂಗಿದವರು. ತಕ್ಕಡಿಯ ಮುಳ್ಳು ನಿಲ್ಲುವ ಮೊದಲು ಯಾರಿಗೂ ಚೀಲ ಕೊಟ್ಟವರಲ್ಲ. ನಿವೃತ್ತರಾದ ಮೇಲೆ ಮನೆಯಲ್ಲಿ ಕೂತು ನನ್ನ ಅಡುಗೆಯ ಉಪ್ಪು, ನಾನು ಬಟ್ಟೆ ಒಗೆಯಲು ಹಾಕುವ ಸೋಪಿನ ಪುಡಿ, ಮೊಮ್ಮಗಳು ಫೋನಿನಲ್ಲಿ ಮಾತಾಡುವ ಹೊತ್ತು, ಎಲ್ಲವನ್ನೂ ಅಳೆಯತೊಡಗಿದರು. ನನ್ನ ತಲೆ ಕೆಟ್ಟು ಹೋಯಿತು. ಒಂದು ದಿನ, ಬನ್ನಿ ಅತ್ತೆ, ಕೇಂದ್ರದಲ್ಲಿ ಏನೇನಿದೆ ನೋಡಿ ಎಂದು ಕರೆದುಕೊಂಡು ಹೋದೆ. ಕಲೆಯ ಮೇಲಿನ ಪ್ರೀತಿಯಿಂದಲ್ಲ, ನನ್ನ ನೆಮ್ಮದಿಗಾಗಿ.

ಅವರು ನೋಟಿಸ್ ಬೋರ್ಡಿನ ಮುಂದೆ ನಿಂತು ಒಂದೊಂದೇ ಚೀಟಿ ಓದಿದರು. ಹಾಡಿನ ಗುಂಪಿಗೆ ಸೇರಿದರು. ಮೊದಲ ದಿನವೇ ಹಾಡು ನಿಲ್ಲಿಸಿ, ಹಿಂದಿನ ಸಾಲಿನವರು ಬಾಯಿ ಮಾತ್ರ ಆಡಿಸುತ್ತಿದ್ದಾರೆ ಎಂದು ಹೇಳಿಬಿಟ್ಟರು. ನಾಟಕದವರಿಗೆ ಹಾಸಿಗೆ ಹಿಡಿದ ಅಜ್ಜಿಯ ಪಾತ್ರಕ್ಕೆ ಒಬ್ಬರು ಬೇಕಿತ್ತು, ಆಡಲು ಮಾತೇನೂ ಇಲ್ಲ. “ನಾನಿನ್ನೂ ಹಾಸಿಗೆ ಹಿಡಿದಿಲ್ಲ, ಹಿಡಿದಾಗ ಹೇಳಿ ಕಳಿಸ್ತೀನಿ” ಎಂದು ಎದ್ದು ಬಂದರು. ಕೊನೆಗೆ ಮಣ್ಣಿನ ಕ್ಲಾಸು. ಟೀಚರ್ ಅವರ ಮುಂದೆ ಒಂದು ಮುದ್ದೆ ಮಣ್ಣು ಇಟ್ಟು, ನಾದಿ ಎಂದರು. ಅತ್ತೆ ಸೆರಗು ಸಿಕ್ಕಿಸಿ ನಾದಲು ಕೂತವರು ಕ್ಲಾಸು ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿದವಳಲ್ಲ.

ಪ್ರತಿ ವರ್ಷ ಕೇಂದ್ರದಲ್ಲಿ ಒಂದು ಪ್ರದರ್ಶನ ನಡೆಯುತ್ತದೆ. ಬಡಾವಣೆಯ ಯಾರು ಬೇಕಾದರೂ ತಾವು ಮಾಡಿದ ಒಂದು ವಸ್ತು ಇಡಬಹುದು. ಅತ್ತೆ ಇಡುತ್ತೇನೆ ಎಂದರು. ಏನು ಮಾಡುತ್ತೀರಿ ಎಂದರೆ, “ನನಗೆ ಗೊತ್ತಿರೋದು ಒಂದೇ” ಎಂದು ಚೀಲ ಮಾಡಲು ಕೂತರು. ಧಾನ್ಯ ತುಂಬಿ ಬಾಯಿ ಕಟ್ಟಿದ ಗೋಣಿಚೀಲ, ಒಂದು ಗೇಣಿಗಿಂತ ಸ್ವಲ್ಪ ಎತ್ತರ. ಮನೆಯಿಂದ ಗೋಣಿತಟ್ಟು ತಂದು ಹಸಿ ಮಣ್ಣಿಗೆ ಒತ್ತಿ ನೇಯ್ಗೆ ಮೂಡಿಸಿದರು. ತುಂಬಿದ ಚೀಲ ನೆಲಕ್ಕೆ ಕೂತಾಗ ಕೆಳಗೆ ಒಂದು ಕಡೆ ಉಬ್ಬುತ್ತದಲ್ಲ, ಅದು ಹಾಗೇ ಬಂದಿತ್ತು. ಕಟ್ಟಿದ ಬಾಯಿಯ ಸುಕ್ಕು ಕೂಡ. ಅವರ ಮೇಲೆ ನನಗೆ ಎಷ್ಟೇ ಕೋಪವಿದ್ದರೂ ಹೇಳಲೇಬೇಕು, ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಟೀಚರ್ ನನ್ನನ್ನು ಕರೆದು ತೋರಿಸಿದರು.

ಅತ್ತೆಗೆ ಅಷ್ಟು ಸಾಕಾಯಿತು. ಮಣ್ಣು ಒಣಗುವ ಮೊದಲೇ ಹಳೇ ಅಂಗಡಿಯವರಿಗೆಲ್ಲ ಫೋನು ಹೋಯಿತು. ಅಲ್ಲಿ ಇವರ ಪಕ್ಕದಲ್ಲೇ ಕ್ಯಾಷ್ ಕೌಂಟರಿನಲ್ಲಿ ಕೂರುತ್ತಿದ್ದ ಗೆಳತಿಗೆ, ಅವರನ್ನು ನಾವು ಕ್ಯಾಷ್ ಅಮ್ಮ ಎನ್ನುತ್ತೇವೆ, ದಿನಾ ಫೋನು. “ಭಾನುವಾರ ತಪ್ಪಿಸಬೇಡ ಕಣೆ. ನಾನು ಮಾಡಿದ್ದನ್ನ ಮೇಜಿನ ಮೇಲೆ ಇಡ್ತಾರೆ. ಹೆಸರು ಬರೀತಾರೆ.”

ಆಗ ಟೀಚರ್ ಹೇಳಿದರು, ಅಮ್ಮಾ, ನಾಳೆ ಇದನ್ನು ತೋಡಬೇಕು ಎಂದು.

“ತೋಡೋದು ಅಂದ್ರೆ?”

“ತಳದಿಂದ ಮಣ್ಣು ತೆಗೆದು ಒಳಗೆ ಖಾಲಿ ಮಾಡೋದು. ಹೊರಗಿನಿಂದ ಏನೂ ಗೊತ್ತಾಗಲ್ಲ.”

ಅತ್ತೆ ಕೈ ಒರೆಸಿಕೊಂಡರು. “ಹೊರಗಿನಿಂದ ಗೊತ್ತಾಗಲ್ಲ ಅಂತ ಮಾಡೋ ಕೆಲಸಕ್ಕೆ ಏನಂತಾರೆ ಗೊತ್ತಾ ನಿಮಗೆ? ತುಂಬಿದ ಚೀಲ ಅಂತ ಖಾಲಿ ಚೀಲ ಇಡೋದಾ? ಅಂಗಡಿಯಲ್ಲಿ ಹಾಗೆ ಮಾಡಿದ್ದಿದ್ರೆ ಜನ ನನ್ನ ಮುಖಕ್ಕೆ ಉಗೀತಿದ್ರು.”

ಟೀಚರ್ ನನ್ನ ಮುಖ ನೋಡಿದರು. ನಾನು ಆನೆಯ ಕಥೆ ಹೇಳಿದೆ, ಆವಿಯ ಕಥೆ ಹೇಳಿದೆ. ಇಷ್ಟು ದಪ್ಪದ್ದು ಪೂರ್ತಿ ಒಣಗಲು ಒಂದು ತಿಂಗಳಾದರೂ ಬೇಕು, ಪ್ರದರ್ಶನಕ್ಕೆ ಇನ್ನು ಎರಡು ವಾರವೂ ಇಲ್ಲ ಎಂದೆ. ಎಲ್ಲ ಕೇಳಿಸಿಕೊಂಡು, “ನಾನು ಗಟ್ಟಿಯಾಗಿ ತುಂಬಿದ್ದೀನಿ, ಗಾಳಿ ಇಲ್ಲ. ಸಿಡಿಯಲ್ಲ” ಎಂದರು. ಗಾಳಿಯಲ್ಲ ಅತ್ತೆ, ನೀರು ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

ಮನೆಯಲ್ಲಿ ಯುದ್ಧ ಶುರುವಾಯಿತು. ಅವರು ನನಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳತೊಡಗಿದರು. “ಕೈಯಲ್ಲಿ ಬೀಗದ ಕೈ ಇದ್ದೋರಿಗೆ ದರ್ಬಾರು ಜಾಸ್ತಿ.” ನಾನು ಪಾತ್ರೆಗೆ ಉತ್ತರ ಕೊಟ್ಟೆ. “ಹಟ ಮಾಡೋರಿಗೆ ವಯಸ್ಸಿನ ಲೆಕ್ಕ ಇಲ್ಲ.” ನನ್ನ ಗಂಡ ಮಧ್ಯದಲ್ಲಿ ತಟ್ಟೆ ಹಿಡಿದುಕೊಂಡು ಕೂತಿದ್ದರು.

“ರೀ, ನೀವಾದ್ರೂ ನಿಮ್ಮ ಅಮ್ಮನಿಗೆ ಹೇಳಿ.”

“ಅಮ್ಮ, ಅವಳು ಹೇಳಿದ್ದು...”

“ನೀನು ಊಟ ಮಾಡು.”

ಅವರು ಊಟ ಮಾಡಿದರು. ಆ ಮನುಷ್ಯನಿಂದ ಮೊದಲಿನಿಂದಲೂ ಇಷ್ಟೇ ಆಗುವುದು.

ನಾನು ಕೊನೆಯ ಸಲ ಕೇಳಿದ್ದು ಬುಧವಾರ ಸಂಜೆ. ಮರುದಿನ ಬಿಟ್ಟರೆ ಮಣ್ಣು ಪೂರ್ತಿ ಗಟ್ಟಿಯಾಗುತ್ತದೆ, ಆಮೇಲೆ ತೋಡಲು ಹೋದರೆ ಬಿರುಕು ಬಿಡುತ್ತದೆ ಎಂದೆ.

“ಸಿಡಿದ್ರೆ ಸಿಡೀಲಿ.”

“ನಿಮ್ಮದೊಂದೇ ಸಿಡಿಯಲ್ಲ ಅತ್ತೆ. ಪಕ್ಕದಲ್ಲಿ ಇರೋರದ್ದೂ ಹೋಗುತ್ತೆ.”

“ಹಾಗಾದ್ರೆ ಇಡಬೇಡ. ನನ್ನಿಂದ ಇನ್ನೊಬ್ಬರದ್ದು ಹಾಳಾಗೋದು ಬೇಡ. ನಾನೇ ಇಡಲ್ಲ. ಆಯ್ತಾ?”

ಇಷ್ಟು ಹೇಳಿ ಅವರು ಹಜಾರಕ್ಕೆ ಹೋಗಿ ಫೋನು ಎತ್ತಿಕೊಂಡರು. ಕ್ಯಾಷ್ ಅಮ್ಮನಿಗೆ ಬರಬೇಡ ಎಂದು ಹೇಳಲು. ನಂಬರು ಒತ್ತಿದರು, ಕಿವಿಗೆ ಹಿಡಿದರು, ಆ ಕಡೆಯಿಂದ ಹಲೋ ಎಂದದ್ದು ನನಗೂ ಕೇಳಿಸಿತು. ಅತ್ತೆಯ ಬಾಯಿಂದ ಮಾತು ಬರಲಿಲ್ಲ. ಫೋನು ಇಟ್ಟು, ಕನ್ನಡಕ ತೆಗೆದು ಸುಮ್ಮನೆ ಒರೆಸುತ್ತಾ ಕೂತರು. ನಾನು ಬಾಗಿಲ ಹಿಂದೆ ನಿಂತಿದ್ದೆ.  ಇಷ್ಟು ವರ್ಷ ಆ ಹೆಂಗಸಿನ ಜೊತೆ ಜಗಳವಾಡಿದ್ದೇನೆ, ಹೇಳಲು ಹೊರಟ ಮಾತು ಅವರ ಬಾಯಲ್ಲೇ ಉಳಿದದ್ದು ಯಾವತ್ತೂ ನೋಡಿರಲಿಲ್ಲ. ನನಗೆ ಅದನ್ನು ನೋಡಲು ಆಗಲಿಲ್ಲ.

ಗುರುವಾರ ಮಧ್ಯಾಹ್ನ ಗಂಡ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕೇಂದ್ರದಲ್ಲಿ ಯಾರೂ ಇರಲಿಲ್ಲ. ನಾನು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಚೀಲವನ್ನು ಟವೆಲಿನ ಮೇಲೆ ತಲೆಕೆಳಗಾಗಿ ಮಲಗಿಸಿದೆ. ತಂತಿಯಿಂದ ತಳವನ್ನು ಬಿಲ್ಲೆಯ ಹಾಗೆ ಕತ್ತರಿಸಿ ತೆಗೆದು ಪಕ್ಕಕ್ಕಿಟ್ಟೆ. ಆಮೇಲೆ ತೋಡತೊಡಗಿದೆ. ಅವರು ಮಣ್ಣನ್ನು ಒಂದೇ ಮುದ್ದೆಯಾಗಿ ಇಟ್ಟಿರಲಿಲ್ಲ; ಹಿಡಿ ಹಿಡಿಯಾಗಿ ಹಾಕಿ, ಪ್ರತಿ ಹಿಡಿಯನ್ನೂ ಗುದ್ದಿ ಕೂರಿಸಿದ್ದರು. ಅವರ ಬೆರಳಿನ ಗುರುತು ಪದರ ಪದರವಾಗಿ ಒಳಗೆಲ್ಲ ಇತ್ತು. ಯಾರೂ ಯಾವತ್ತೂ ನೋಡದ ಜಾಗದಲ್ಲಿ ಅಷ್ಟು ಶ್ರದ್ಧೆ. ನಾನು ಅದನ್ನೆಲ್ಲ ಕೆರೆದು ಕೆರೆದು ಬಕೆಟ್ಟಿಗೆ ಹಾಕಿದೆ.  ಒಂದು ಕಡೆ ಚೀಲದ ಗೋಡೆ ತೆಳುವಾಯಿತೇನೋ ಎಂದು ನಿಲ್ಲಿಸಿ, ಬೆರಳಿನಿಂದ ಒತ್ತಿ ನೋಡಿದೆ. ಕೊನೆಗೆ ತಳದ ಬಿಲ್ಲೆಯನ್ನು ಮಣ್ಣಿನ ಅಂಟು ಸವರಿ ಮತ್ತೆ ಕೂರಿಸಿ, ಆವಿ ಹೋಗಲು ಹೆಬ್ಬೆರಳು ತೂರುವಷ್ಟು ಒಂದು ತೂತು ಬಿಟ್ಟೆ. ಎತ್ತಿ ನಿಲ್ಲಿಸಿದರೆ ಅದೇ ಚೀಲ. ಹೊರಗಿನಿಂದ ಏನೂ ಗೊತ್ತಾಗಲಿಲ್ಲ.

ಆ ಸಂಜೆ ನಾನೇ ಹೋಗಿ, “ಅತ್ತೆ, ಒಂದು ಉಪಾಯ ಇದೆ. ಭಟ್ಟಿಯನ್ನ ತುಂಬಾ ನಿಧಾನಕ್ಕೆ ಕಾಯಿಸ್ತೀನಿ. ಪ್ರಯತ್ನ ಮಾಡೋಣ” ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, “ಬೇರೆಯವರದ್ದು?” ಎಂದರು. “ಬೇರೆಯವರದ್ದಕ್ಕೆ ಏನೂ ಆಗಲ್ಲ, ನಾನು ಜವಾಬ್ದಾರಿ” ಎಂದೆ. ಅದು ಸುಳ್ಳೂ ಅಲ್ಲ. ಅವರು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕರು. ಫೋನಿನಲ್ಲಿ ಮತ್ತೆ ಅವರ ದನಿ ಎದ್ದಿತು.

ಒಂದು ವಾರ ಒಣಗಿಸಿ, ಕೆನ್ನೆಗೆ ಒತ್ತಿ ನೋಡಿ, ಚೀಲವನ್ನು ಭಟ್ಟಿಗೆ ಇಟ್ಟೆ. ಪ್ರದರ್ಶನದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಭಟ್ಟಿ ತಣ್ಣಗಾದ ಮೇಲೆ ಮುಚ್ಚಳ ತೆಗೆದೆ. ಒಂದೂ ಒಡೆದಿರಲಿಲ್ಲ. ಚೀಲ ಇಟ್ಟಿಗೆ ಬಣ್ಣಕ್ಕೆ ತಿರುಗಿ, ನೇಯ್ಗೆ ಒಂದೊಂದು ಎಳೆಯೂ ಎದ್ದು ಕಾಣುತ್ತಿತ್ತು. ಟೀಚರ್ ಚಪ್ಪಾಳೆ ತಟ್ಟಿದರು. ಅತ್ತೆ ಮುಂದೆ ಬಂದು ಎರಡೂ ಕೈಯಿಂದ ಅದನ್ನು ಎತ್ತಿದರು.

ಎತ್ತಿದ ಕೈ ಅಲ್ಲೇ ನಿಂತಿತು. ಭಾರ ಇರುತ್ತದೆ ಎಂದು ಅವರು ಹಾಕಿದ್ದ ಬಲಕ್ಕೆ ಚೀಲ ಜಿಗಿದು ಮೇಲೆ ಬಂದಿತ್ತು.

“ಸುಟ್ಟ ಮೇಲೆ ಹಗುರ ಆಗುತ್ತೆ ಅತ್ತೆ. ನೀರೆಲ್ಲ ಹೋಗುತ್ತಲ್ಲ” ಎಂದೆ. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿಸಿತು.

“ನೀರು ಹೋದ್ರೆ ಇಷ್ಟು ಹೋಗಲ್ಲ.”

ತಿರುಗಿಸಿ ತಳ ನೋಡಿದರು. ತೂತು ನೋಡಿದರು. ಹೆಬ್ಬೆರಳು ತೂರಿಸಿ ಒಳಗೆಲ್ಲ ಆಡಿಸಿದರು. ಟೀಚರಿಗೆ ಎಲ್ಲ ಅರ್ಥವಾಗಿ, ಹೊರಗೆ ಯಾರೋ ಕರೆದರು ಎಂದು ಜಾರಿಕೊಂಡರು. ಯಾರೂ ಕರೆದಿರಲಿಲ್ಲ. ಅತ್ತೆ ಚೀಲವನ್ನು ತಮ್ಮ ಬ್ಯಾಗಿಗೆ ಇಟ್ಟುಕೊಂಡು, ನನಗೊಂದು ಮಾತೂ ಹೇಳದೆ ಮನೆಯ ದಾರಿ ಹಿಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಡೀ ದಿನ ಕೇಂದ್ರದಲ್ಲಿ ಮೇಜು ಜೋಡಿಸುತ್ತಾ, ಚಿತ್ರ ನೇತು ಹಾಕುತ್ತಾ, ಅವರ ಹೆಸರು ಬರೆದ ಕಾರ್ಡಿನ ಹಿಂದೆ ಖಾಲಿ ಜಾಗ ನೋಡುತ್ತಾ ಕಳೆದೆ. ಒಳ್ಳೆಯದು ಮಾಡಲು ಹೋಗಿ ಎಂಥ ಕೆಲಸ ಮಾಡಿಬಿಟ್ಟೆ ಎಂದು ಮೈ ಪರಚಿಕೊಳ್ಳುವಂತಾಯಿತು.

ಮನೆಗೆ ಬಂದರೆ ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಚೀಲ ತಲೆಕೆಳಗಾಗಿ ಅವರ ಮೊಣಕಾಲುಗಳ ನಡುವೆ. ಪಕ್ಕದಲ್ಲಿ ಅಕ್ಕಿ ಡಬ್ಬ.

“ಕಾಗದ ಸುತ್ತಿ ಒಂದು ಆಲಿಕೆ ಮಾಡು” ಎಂದರು.

ಮಾಡಿಕೊಟ್ಟೆ.

“ಹಿಡ್ಕೋ.”

ನಾನು ಆಲಿಕೆಯನ್ನು ತೂತಿಗೆ ಹಿಡಿದೆ. ಅವರು ಹಿಡಿ ಹಿಡಿಯಾಗಿ ಅಕ್ಕಿ ಸುರಿದರು. ಸ್ವಲ್ಪ ಸುರಿಯುವುದು, ಅಂಗೈಯಿಂದ ಬಡಿಯುವುದು, ಮತ್ತೆ ಸುರಿಯುವುದು. “ಬಡಿದು ತುಂಬಬೇಕು. ಇಲ್ಲಾಂದ್ರೆ ಮಧ್ಯೆ ಖಾಲಿ ಉಳಿಯುತ್ತೆ. ಗಿರಾಕಿಗೆ ನಷ್ಟ.” ಅಂಗಡಿಯಲ್ಲಿ ಹೊಸಬರಿಗೆ ಹೇಳುತ್ತಿದ್ದ ದನಿ ಅದು.

ನನಗೆ ತಡೆಯಲಾಗಲಿಲ್ಲ. “ನಾನು ಎಷ್ಟು ಸಲ ಕೇಳಿದೆ ನಿಮ್ಮನ್ನ!”

“ನೀನು ಕೇಳಿದೆ. ನಾನು ಬೇಡ ಅಂದೆ. ಆಮೇಲೂ ನೀನು ಮಾಡಿದೆ.” ಅವರು ತಲೆ ಎತ್ತಲಿಲ್ಲ. “ಆಲಿಕೆ ನೆಟ್ಟಗೆ ಹಿಡಿ, ಚೆಲ್ತಾ ಇದೆ.”

ನಾನು ಆಲಿಕೆ ನೆಟ್ಟಗೆ ಹಿಡಿದೆ. ತುಂಬಿ ಮುಗಿದ ಮೇಲೆ ತೂತಿಗೆ ಔಷಧಿ ಬಾಟಲಿಯ ಬಿರಡೆ ಒತ್ತಿ, ಎತ್ತಿ ನಿಲ್ಲಿಸಿ, ಕೈಯಲ್ಲಿ ತೂಗಿ ನೋಡಿದರು. “ಮಣ್ಣಿನಷ್ಟು ತೂಕ ಬರಲ್ಲ. ಆದ್ರೆ ಸುಳ್ಳಲ್ಲ” ಎಂದು ಎದ್ದರು.

ಭಾನುವಾರ ಚೀಲ ಮೇಜಿನ ಮೇಲಿತ್ತು, ಅತ್ತೆ ಅದರ ಪಕ್ಕದಲ್ಲಿ ನಿಂತಿದ್ದರು. ನಾನು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಮೊದಲನೇ ಜನ ಬಂದರು. ಎಷ್ಟು ಚೆನ್ನಾಗಿದೆಯಮ್ಮಾ ಎಂದರು. ಅತ್ತೆ ಗಟ್ಟಿಯಾಗಿ, ಇಡೀ ಹಾಲಿಗೆ ಕೇಳುವಂತೆ ಹೇಳಿದರು: “ನಾನು ಗಟ್ಟಿ ಮಾಡಿದ್ದೆ. ನನ್ನ ಸೊಸೆ ನನಗೆ ಹೇಳದೆ ತೋಡಿದ್ಲು. ಅದಕ್ಕೆ ಅಕ್ಕಿ ತುಂಬಿದ್ದೀನಿ. ಎತ್ತಿ ನೋಡಿ.”

ನನ್ನ ಮುಖಕ್ಕೆ ಯಾರೋ ಬಿಸಿನೀರು ಎರಚಿದಂತಾಯಿತು. ಎರಡನೆಯವರಿಗೂ ಅದನ್ನೇ ಹೇಳಿದರು. ಮೂರನೆಯವರಿಗೂ. ಹಾಡಿನವರಿಗೆ, ನಾಟಕದವರಿಗೆ, ನಮ್ಮ ಮನೆಗೆ ಹಾಲು ಹಾಕುವವರಿಗೆ, ಮೊಮ್ಮಗಳ ಶಾಲೆಯ ಹೆಡ್‌ಮಿಸ್‌ಗೆ. ಜನ ಚೀಲ ಎತ್ತಿ ನೋಡುವರು, ಅಬ್ಬಾ ಎನ್ನುವರು, ತಿರುಗಿ ನನ್ನನ್ನು ನೋಡುವರು. ಆನೆ ಸಾಹೇಬರಂತೂ ಹೊಟ್ಟೆ ಹಿಡಿದುಕೊಂಡು ನಕ್ಕು, “ನನ್ನ ಆನೆನೂ ಹಾಗೇ ಹೇಳದೆ ತೋಡಬಾರ್ದಿತ್ತಾ?” ಎಂದರು. ಅವರಿಗೆ ಏನು ಹೇಳಬೇಕಿತ್ತೋ ಅದು ನಾಲಿಗೆಯ ತುದಿಗೆ ಬಂದಿತ್ತು, ಕಚ್ಚಿಕೊಂಡೆ.

ಅತ್ತೆಯನ್ನು ಪಕ್ಕಕ್ಕೆ ಎಳೆದು, “ಸಾಕು ಮಾಡಿ ಅತ್ತೆ. ಇಲ್ಲಿ ಕೆಲಸ ಮಾಡೋಳು ನಾನು. ನಾಳೆಯಿಂದ ನನಗೆ ಯಾರು ಸಾಮಾನು ಕೊಡ್ತಾರೆ?” ಎಂದೆ.

“ಇರೋದನ್ನ ತಾನೇ ಹೇಳ್ತಿರೋದು.”

“ಮನೆಯಲ್ಲಿ ಬೈಯಿರಿ. ಹೊಡೀರಿ ಬೇಕಾದ್ರೆ.”

“ಬೈತಾ ಇಲ್ಲ. ಕಾರ್ಡಿನ ಮೇಲೆ ನನ್ನದೊಂದೇ ಹೆಸರು ಇದೆ. ಅದು ತಪ್ಪಲ್ವಾ? ಅದಕ್ಕೆ ಬಾಯಲ್ಲಿ ಹೇಳ್ತಿದ್ದೀನಿ.” ಇಷ್ಟು ಹೇಳಿ ಮತ್ತೆ ಮೇಜಿನ ಹತ್ತಿರ ಹೋದರು.

ನಾನು ನಾಟಕದವರ ಪರದೆಯ ಪಕ್ಕ ಹೋಗಿ ನಿಂತೆ. ಅಲ್ಲಿಂದ ಅವರ ಬೆನ್ನು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಕ್ಯಾಷ್ ಅಮ್ಮ ಬಂದರು, ಕೋಲೂರಿಕೊಂಡು, ಜೊತೆಗೆ ಅಂಗಡಿಯ ಹಳಬರು ಮೂರ್ನಾಲ್ಕು ಜನ. ಅತ್ತೆ ಅವರಿಗೂ ಅದೇ ಪಾಠ ಒಪ್ಪಿಸಿದರು. ಕ್ಯಾಷ್ ಅಮ್ಮ ಚೀಲವನ್ನು ಎತ್ತಿ, ತೂಗಿ, ಕಿವಿಯ ಹತ್ತಿರ ಅಲುಗಾಡಿಸಿ, ಮೆಲ್ಲಗೆ ಕೆಳಗಿಟ್ಟರು.

“ತುಂಬಿದ್ದು ಸರಿ. ಆದ್ರೆ ಹೇಳದೆ ಯಾಕೆ ತೋಡಿದ್ಲು ಅವಳು? ಇಷ್ಟು ಹೊತ್ತಿಗೆ ನೀನು ಅವಳ ಚರ್ಮ ಸುಲಿದಿರ್ತೀಯ ಅಂದ್ಕೊಂಡಿದ್ದೆ.”

ಅತ್ತೆ ಮೊದಲ ಸಲ ದನಿ ತಗ್ಗಿಸಿದರು. ಆದರೂ ನನಗೆ ಕೇಳಿಸಿತು.

“ಸಿಡಿದು ಹೋದ್ರೆ ನಾನು ಅಳ್ತೀನಿ ಅಂತ ಹೆದರಿಕೊಂಡ್ಲು. ಅಷ್ಟೇ.”

“ಅಳ್ತಿದ್ಯಾ?”

“ಅಳದೆ ಮತ್ತೆ? ಇಷ್ಟು ವರ್ಷ ಬೇರೆಯವರದ್ದನ್ನ ತೂಗಿ ತೂಗಿ ಕೊಟ್ಟೆ. ನಂದು ಅಂತ ಮಾಡಿದ್ದು ಇದೊಂದೇ ಅಲ್ವೇನೆ. ಅವಳಿಗೆ ಅದು ಗೊತ್ತಿತ್ತು. ನನ್ನ ಮಗನಿಗೂ ಗೊತ್ತಿರಲಿಲ್ಲ.”

ನಾನು ಹಿಂದಿನ ಕೋಣೆಗೆ ಹೋಗಿ, ಗುಡಿಸಿದ್ದ ನೆಲವನ್ನೇ ಮತ್ತೆ ಗುಡಿಸಿದೆ. ಕಣ್ಣು ಒರೆಸಿಕೊಂಡೆ, ಮತ್ತೆ ಗುಡಿಸಿದೆ. ಹಾಲಿನಿಂದ ಅತ್ತೆಯ ದನಿ ಗಂಟೆ ಹೊಡೆದ ಹಾಗೆ ಬರುತ್ತಲೇ ಇತ್ತು. ಯಾರೋ ಹೊಸಬರು ಬಂದಿದ್ದರು. “ನಾನು ಗಟ್ಟಿ ಮಾಡಿದ್ದೆ. ನನ್ನ ಸೊಸೆ ನನಗೆ ಹೇಳದೆ ತೋಡಿದ್ಲು...”

ನಾನು ಪೊರಕೆ ಇಟ್ಟು ಹೊರಗೆ ಬಂದು ಅವರ ಪಕ್ಕದಲ್ಲಿ ನಿಂತೆ. “ಹೌದು, ನಾನೇ ಆ ಸೊಸೆ” ಎಂದೆ.